ಕದ ಮುಚ್ಚದ ದೊಡ್ಡ ಸ್ವಾಮಿಯವರು

ನಮ್ಮ ನಾಡಿನ ಹಳೆಯ ಕ್ರೈಸ್ತ ಮನೆತನಗಳಲ್ಲಿ ಸೆರೆಯ ಕಾಲದ ಕಥೆ ಇನ್ನೂ ಉಳಿದಿದೆ. ದೀಪ ಆರಿಸಿದ ಮೇಲೆ ತುಟಿ ಅಲುಗದಂತೆ ಹೇಳಿದ ಜಪಸರ, ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟ ಸಿಲುವೆ, ಮನೆಯೊಳಗೆ ಒಂದು ಹೆಸರು, ಹೊರಗೆ ಇನ್ನೊಂದು ಹೆಸರು. ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಾ ಬಂದ ಈ ಕಥೆಗಳು ಮನೆಯಿಂದ ಮನೆಗೆ ಬೇರೆಯಾಗುತ್ತವೆ. ಹೇಳುವವರ ಕಣ್ಣು ಒದ್ದೆಯಾಗುವ ಜಾಗ ಮಾತ್ರ ಎಲ್ಲ ಕಡೆಯೂ ಒಂದೇ. ಬಲವಂತಕ್ಕೆ ತಲೆಬಾಗಿದವರು ಮನಸ್ಸಿನೊಳಗೆ ಪ್ರಭುವನ್ನು ಬಿಟ್ಟಿರಲಿಲ್ಲ ಎಂಬ ಮಾತು ಬರುವ ಜಾಗ ಅದು.

ಆ ಜನ ಹದಿನೈದು ವರ್ಷಗಳ ನಂತರ ಹಿಂತಿರುಗಿ ಬಂದಾಗ ಅವರ ಎದುರಿಗೆ ನಿಂತ ಗುರುಗಳೊಬ್ಬರಿದ್ದರು. ದೂರದ ಫ್ರಾನ್ಸ್ ದೇಶದಲ್ಲಿ ಹುಟ್ಟಿ, ಮೈಸೂರು ಸೀಮೆಯಲ್ಲಿ ರುಮಾಲು ಸುತ್ತಿ ಬಾಳಿದ ಅವರ ಹೆಸರು ಝಾನ್ ಆಂತ್ವಾನ್ ದ್ಯುಬುವಾ. ಪುಸ್ತಕಗಳಲ್ಲಿ ಅವರು ಅಬ್ಬೆ ದ್ಯುಬುವಾ. ನಮ್ಮ ಹಳ್ಳಿಯ ಜನರಿಗೆ ಅವರು ದೊಡ್ಡ ಸ್ವಾಮಿಯವರು. ಹಿಂದೂ ಸಮಾಜದ ಆಚಾರ ವಿಚಾರಗಳನ್ನು ಕುರಿತ ಗ್ರಂಥದಿಂದ ಅವರು ಜಗತ್ಪ್ರಸಿದ್ಧರಾದರು. ಆದರೆ ಸೆರೆಯಿಂದ ಬಂದವರೊಂದಿಗೆ ಅವರು ನಡೆದುಕೊಂಡ ರೀತಿ ಅಷ್ಟಾಗಿ ಯಾರಿಗೂ ತಿಳಿಯದು. ನಮ್ಮ ಕುಟುಂಬಗಳಿಗೆ ಬೇಕಾದ ಪಾಠ ಇರುವುದು ಅಲ್ಲಿಯೇ.

ಕಿರುಕುಳದ ನಾಡಿನಿಂದ ಬಂದವರು

ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಆರ್ದೆಷ್ ಎಂಬ ಗುಡ್ಡಗಾಡು ಪ್ರದೇಶವಿದೆ. ಅಲ್ಲಿನ ಸೇಂಟ್ ರೆಮೇಜ್ ಎಂಬ ಸಣ್ಣ ಹಳ್ಳಿಯಲ್ಲಿ ದ್ಯುಬುವಾ ಹುಟ್ಟಿದರು. 1766ರ ಜನವರಿಯಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. ಗುರುವಾಗಬೇಕೆಂದು ಓದಿ ಮುಗಿಸುವಷ್ಟರಲ್ಲಿ ದೇಶವೇ ತಲೆಕೆಳಗಾಗಿತ್ತು. 1789ರಲ್ಲಿ ಫ್ರೆಂಚ್ ಕ್ರಾಂತಿ ಆರಂಭವಾಯಿತು. ಮರುವರ್ಷ ಧರ್ಮಸಭೆಯನ್ನು ಸರ್ಕಾರದ ಅಧೀನಕ್ಕೆ ತರುವ ಕಾನೂನು ಬಂದಿತು. ಆ ಕಾನೂನಿಗೆ ನಿಷ್ಠೆಯ ಪ್ರಮಾಣ ಮಾಡದ ಗುರುಗಳು ಊರು ಬಿಟ್ಟು ಊರು ಅಲೆಯುವಂತಾಯಿತು.

1792ರಲ್ಲಿ ವಿವಿಯೆ ಧರ್ಮಪ್ರಾಂತದ ಗುರುವಾಗಿ ದ್ಯುಬುವಾ ಅಭಿಷಿಕ್ತರಾದರು. ಅದೇ ವರ್ಷ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಸದಸ್ಯರಾಗಿ ಭಾರತಕ್ಕೆ ಹಡಗು ಹತ್ತಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ನಗರದ ಸೆರೆಮನೆಗಳಲ್ಲಿ ಸುಮಾರು ಇನ್ನೂರು ಗುರುಗಳು ಕೊಲೆಯಾದರು. ಪ್ರಮಾಣ ಮಾಡದೆ ಉಳಿದ ಗುರುಗಳು ಕಣಜಗಳಲ್ಲಿ, ಕಾಡುಗಳಲ್ಲಿ, ರಾತ್ರಿಯ ಹೊತ್ತು ಗುಟ್ಟಾಗಿ ಬಲಿಪೂಜೆ ಅರ್ಪಿಸಿದರು. ಬಾಗಿಲಲ್ಲಿ ಒಬ್ಬ ಕಾವಲು ನಿಂತರೆ ಒಳಗೆ ಮಗುವಿಗೆ ಜ್ಞಾನಸ್ನಾನ. 1801ರಲ್ಲಿ ಪೋಪ್ ಏಳನೆಯ ಪಿಯುಸ್ ಮತ್ತು ನೆಪೋಲಿಯನ್ ನಡುವೆ ಒಪ್ಪಂದವಾಗುವವರೆಗೆ ಅಲ್ಲಿನ ಎಷ್ಟೋ ಊರುಗಳ ಪಾಡು ಇದೇ ಆಗಿತ್ತು.

ಹೀಗೆ ಗುಟ್ಟಿನ ಪೂಜೆಯ ನಾಡನ್ನು ಬಿಟ್ಟುಬಂದ ಯುವಕ ಗುರು, ಗುಟ್ಟಿನ ಪ್ರಾರ್ಥನೆಯ ಇನ್ನೊಂದು ನಾಡಿಗೆ ಬಂದು ಸೇರಿದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಮೊದಲ ಕೆಲವು ವರ್ಷಗಳನ್ನು ಪುದುಚೇರಿ ಮಿಷನ್ನಿಗೆ ಸೇರಿದ ತಮಿಳು ಪ್ರದೇಶಗಳಲ್ಲಿ ಕಳೆದರು. ಬಂದ ಕೆಲವೇ ದಿನಗಳಲ್ಲಿ ಅವರು ಒಂದು ನಿರ್ಧಾರ ಮಾಡಿದರು. ಯುರೋಪಿಯನ್ನರ ಸಹವಾಸ, ಅವರ ಉಡುಪು, ಅವರ ಊಟ ಎಲ್ಲವನ್ನೂ ಬಿಟ್ಟರು. ರುಮಾಲು ಕಟ್ಟಿದರು, ನಿಲುವಂಗಿ ತೊಟ್ಟರು, ಮಾಂಸಾಹಾರ ತ್ಯಜಿಸಿದರು, ಜನರ ಭಾಷೆ ಕಲಿತರು.

ಗುರುಗಳಿಲ್ಲದ ಸೀಮೆ

ದ್ಯುಬುವಾ ಅವರು ಬರುವ ಮುನ್ನ ನಮ್ಮ ಸೀಮೆಯ ಸ್ಥಿತಿ ಹೇಗಿತ್ತು ಎಂಬುದನ್ನು ಸ್ವಲ್ಪ ತಿಳಿಯಬೇಕು. ಮೈಸೂರಿನ ಕ್ರೈಸ್ತ ಸಮುದಾಯಕ್ಕೆ ಎರಡು ಬೇರುಗಳು. ಒಂದು ಗೋವೆಯ ಕಡೆಯಿಂದ ಬಂದದ್ದು. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಅವರು 17ನೇ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣದಲ್ಲಿ ನೆಟ್ಟ ಕನ್ನಡ ಮಿಷನ್ ಅದು. ಕನ್ನಡ ಕಲಿತು ಕನ್ನಡದಲ್ಲಿಯೇ ಧರ್ಮೋಪದೇಶ ಬರೆದ ಅವರು 1676ರಲ್ಲಿ ಕಾನಕಾನಹಳ್ಳಿಯಲ್ಲಿ, ಎಂದರೆ ಈಗಿನ ಕನಕಪುರದಲ್ಲಿ, ತೀರಿಕೊಂಡರು.

ಇನ್ನೊಂದು ಬೇರು ಪೂರ್ವದಿಂದ ಬಂದದ್ದು. 1702ರ ಸುಮಾರಿಗೆ ಬುಷೆ ಮತ್ತು ಮೊದ್ವಿ ಎಂಬ ಫ್ರೆಂಚ್ ಯೇಸುಸಭೆಯ ಗುರುಗಳು ವೆಲ್ಲೂರಿನ ಕಡೆಯಿಂದ ಬಂದು ಬೆಂಗಳೂರು, ದೇವನಹಳ್ಳಿ, ಹೊಸಕೋಟೆ, ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ಸಣ್ಣ ಸಣ್ಣ ಸಮುದಾಯಗಳನ್ನು ಕಟ್ಟಿದರು. ಈ ಕಡೆ ತೆಲುಗು ಮಾತಾಡುವವರೇ ಹೆಚ್ಚಾಗಿದ್ದುದರಿಂದ ಇದಕ್ಕೆ ತೆಲುಗು ಮಿಷನ್ ಎಂದೇ ಹೆಸರು. ಇಂದು ವಿಮಾನ ನಿಲ್ದಾಣದ ಗದ್ದಲದಲ್ಲಿರುವ ದೇವನಹಳ್ಳಿಯಲ್ಲಿ ಮುನ್ನೂರು ವರ್ಷಗಳಿಗೂ ಹಿಂದೆಯೇ ಕ್ರೈಸ್ತ ಪ್ರಾರ್ಥನೆ ಕೇಳಿಸಿತ್ತು ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲೆವು? ಅದೇ ದೇವನಹಳ್ಳಿಯಲ್ಲಿ 18ನೇ ಶತಮಾನದ ಮಧ್ಯದಲ್ಲಿ ಟಿಪ್ಪು ಸುಲ್ತಾನ್ ಹುಟ್ಟಿದರು.

ಈ ಸಮುದಾಯಗಳಿಗೆ ಮೊದಲ ಪೆಟ್ಟು ಬಿದ್ದದ್ದು ಇಲ್ಲಿನ ಅರಸರಿಂದಲ್ಲ, ಯುರೋಪಿನಿಂದಲೇ. 1759ರಲ್ಲಿ ಪೋರ್ಚುಗಲ್ ಸರ್ಕಾರ ತನ್ನ ಆಳ್ವಿಕೆಯ ನೆಲದಿಂದ ಯೇಸುಸಭೆಯವರನ್ನು ಹೊರಹಾಕಿತು. 1773ರಲ್ಲಿ ಯೇಸುಸಭೆಯೇ ರದ್ದಾಯಿತು. ಇದ್ದ ಗುರುಗಳು ಮುದುಕರಾಗಿ ಒಬ್ಬೊಬ್ಬರೇ ಕಣ್ಮುಚ್ಚಿದರು. ಅವರ ಜಾಗಕ್ಕೆ ಬರುವವರು ಬೆರಳೆಣಿಕೆಯಷ್ಟು. 1776ರಲ್ಲಿ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆ ಪುದುಚೇರಿಯ ಜವಾಬ್ದಾರಿ ಹೊತ್ತುಕೊಂಡರೂ ಒಳನಾಡಿನ ಹಳ್ಳಿಗಳಿಗೆಲ್ಲ ಗುರುಗಳನ್ನು ಕಳುಹಿಸುವ ಶಕ್ತಿ ಅದಕ್ಕಿರಲಿಲ್ಲ. ಮೇಲಿಂದ ಮೇಲೆ ಯುದ್ಧ ಬೇರೆ. ಆದ್ದರಿಂದ ಕಿರುಕುಳದ ಕಾಲ ಬರುವ ಮುನ್ನವೇ ಈ ಸೀಮೆಯ ಕ್ರೈಸ್ತರಿಗೆ ಮನೆಯೇ ದೇವಾಲಯವಾಗಿತ್ತು, ತಾಯಿಯೇ ಉಪದೇಶಿಯಾಗಿದ್ದಳು.

ಸೆರೆಯ ಹದಿನೈದು ವರ್ಷ

ಟಿಪ್ಪುವಿನ ತಂದೆ ಹೈದರಾಲಿಯ ಕಾಲದಲ್ಲಿ ಕ್ರೈಸ್ತರು ಸೇನೆಯಲ್ಲಿದ್ದರು, ಅವರಿಗೆ ರಕ್ಷಣೆಯೂ ಇತ್ತು. ಎರಡನೆಯ ಆಂಗ್ಲೊ-ಮೈಸೂರು ಯುದ್ಧದಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದಾಗ ಅಲ್ಲಿನ ಕಥೋಲಿಕರು ಅವರಿಗೆ ನೆರವಾದರೆಂಬ ಆರೋಪ ಬಂದಿತು. ಆ ಸಿಟ್ಟು ಒಂದಿಡೀ ಸಮುದಾಯದ ಮೇಲೆ ಬಿದ್ದಿತು. 1784ರ ಫೆಬ್ರವರಿಯ ಕೊನೆಯ ವಾರದಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಕೆನರಾ ಕರಾವಳಿಯ ಕಥೋಲಿಕರನ್ನು ಒಟ್ಟಿಗೆ ಸೆರೆಹಿಡಿದರೆಂದು ಕರಾವಳಿಯ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಇಗರ್ಜಿಗಳು ಉರುಳಿದವು. ಮೂಡುಬಿದಿರೆಯ ಜೈನ ಅರಸರಾದ ಚೌಟರು ಅಡ್ಡ ಬಂದುದರಿಂದ ಹೊಸಬೆಟ್ಟಿನ ಇಗರ್ಜಿ ಉಳಿಯಿತೆಂಬುದು ಪ್ರತೀತಿ.

ಸೆರೆಯಾದವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಮುದುಕರು, ಬಾಣಂತಿಯರು, ಹಸುಗೂಸುಗಳು ಎಲ್ಲರೂ ಆ ನಡಿಗೆಯಲ್ಲಿದ್ದರು. ದಾರಿಯಲ್ಲಿಯೇ ಬಹಳ ಮಂದಿ ಸತ್ತರು. ಒಟ್ಟು ಎಷ್ಟು ಜನ ಎಂಬುದರಲ್ಲಿ ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಲೆಕ್ಕಗಳಿವೆ. ದ್ಯುಬುವಾ ಅವರು ಕೊಟ್ಟ ಸಂಖ್ಯೆ ಅರವತ್ತು ಸಾವಿರಕ್ಕೂ ಮೇಲೆ. ಗಂಡಸರಿಗೆ ಬಲವಂತದಿಂದ ಸುನ್ನತಿ ಮಾಡಿಸಿ, ಹೆಸರು ಬದಲಿಸಿ, ಹರೆಯದವರನ್ನು ಸೇನೆಯ ತುಕಡಿಗಳಿಗೆ ಸೇರಿಸಿದರು. ಹೆಣ್ಣುಮಕ್ಕಳನ್ನು ಹಂಚಿದರು. ಕೆಲವರು ತಪ್ಪಿಸಿಕೊಂಡು ಕೊಡಗಿಗೆ ಓಡಿದರು. ಅಲ್ಲಿನ ಅರಸ ದೊಡ್ಡ ವೀರರಾಜೇಂದ್ರರು ಅವರಿಗೆ ಆಶ್ರಯ ಕೊಟ್ಟು ವಿರಾಜಪೇಟೆಯಲ್ಲಿ ನೆಲೆ ನಿಲ್ಲಿಸಿದರು.

ಜನಪದ ಈ ಕಾಲದ ಬಗ್ಗೆ ಎಷ್ಟೋ ಕಥೆ ಕಟ್ಟಿದೆ. ಬೆಳ್ತಂಗಡಿಯ ಬಳಿಯ ಜಮಾಲಾಬಾದ್ ಕೋಟೆಯ ಬಂಡೆಯ ಮೇಲಿನಿಂದ ಸೆರೆಯಾಳುಗಳನ್ನು ತಳ್ಳಿದರೆಂಬುದು ಅದರಲ್ಲೊಂದು. ಈಗ ಕಾಣುವ ಕೋಟೆ ಕಟ್ಟಿದ್ದು 1794ರಲ್ಲಿ, ಸೆರೆಯಾಗಿ ಹತ್ತು ವರ್ಷಗಳಾದ ಮೇಲೆ. ಆದರೂ ಕಥೆ ಆ ಬಂಡೆಗೆ ಅಂಟಿಕೊಂಡಿದೆ. ಜನಪದ ಇಸವಿಯನ್ನು ತಪ್ಪಬಹುದು, ನೋವನ್ನು ತಪ್ಪುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಶೃಂಗೇರಿ ಮಠದ ಜಗದ್ಗುರುಗಳಿಗೆ ಗೌರವದಿಂದ ಪತ್ರ ಬರೆದು ಕಾಣಿಕೆ ಕಳುಹಿಸಿದವರೂ ಇದೇ ಟಿಪ್ಪು. ಒಬ್ಬ ದೊರೆಯ ರಾಜಕೀಯ ಸಿಟ್ಟಿನ ಲೆಕ್ಕವನ್ನು ನಮ್ಮ ಇಂದಿನ ನೆರೆಹೊರೆಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಂಕಟವನ್ನು ನೆನೆಯುವುದು ಹಗೆಯನ್ನು ಸಾಕುವುದಕ್ಕಲ್ಲ.

ಸೆರೆಯಲ್ಲಿದ್ದವರು ಹೇಗೆ ಪ್ರಾರ್ಥಿಸಿರಬಹುದು? ಗುರುಗಳಿಲ್ಲದೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಪರಮಪ್ರಸಾದವಿಲ್ಲ. ಆದರೆ ಆಪತ್ತಿನ ಹೊತ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು ಎಂಬುದು ಧರ್ಮಸಭೆಯ ಪುರಾತನ ಬೋಧನೆ. ಉಳಿದದ್ದು ಬಾಯಿಪಾಠದ ಜಪಗಳು, ಮಾತೆ ಮರಿಯಳ ಜಪಸರ, ಹಣೆಯ ಮೇಲೆ ಅವಸರದಲ್ಲಿ ಎಳೆದ ಸಿಲುವೆಯ ಗುರುತು. ಅಜ್ಜಿಯರ ಕಥೆಗಳಲ್ಲಿ ಬರುವುದೂ ಇಷ್ಟೇ. ಪುಸ್ತಕವಿಲ್ಲದೆ, ಪೀಠವಿಲ್ಲದೆ ಒಂದು ತಲೆಮಾರು ಈ ಕಿಡಿಯನ್ನು ಬೂದಿಯೊಳಗೆ ಕಾಪಾಡಿತು.

ಬಾಗಿಲಿಗೆ ಬಂದವರು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಯುದ್ಧದಲ್ಲಿ ಮಡಿದರು. ಸೆರೆಯ ಬಾಗಿಲು ತೆರೆಯಿತು. ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಒಬ್ಬ ಗುರು ಬೇಕಾಗಿತ್ತು. ಪುದುಚೇರಿಯಿಂದ ಆ ಕೆಲಸಕ್ಕೆ ಬಂದವರು ದ್ಯುಬುವಾ. ಮುಂದೆ ವೆಲಿಂಗ್ಟನ್ ದೊರೆ ಎನಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆಗ ಶ್ರೀರಂಗಪಟ್ಟಣದ ಅಧಿಕಾರಿ. ಅವರ ಸಲಹೆಯಂತೆ ದ್ಯುಬುವಾ ಅವರನ್ನು ಕರೆಸಲಾಯಿತೆಂದು ಹೇಳುತ್ತಾರೆ.

ಗುರುಗಳಿಗೆ ಆಗ ಮೂವತ್ತಮೂರು ವರ್ಷ. ಅವರ ಮುಂದೆ ಬಂದು ನಿಂತವರ ಪಾಡನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳೋಣ. ಹದಿನೈದು ವರ್ಷ ಬೇರೆ ಹೆಸರಿನಲ್ಲಿ ಬಾಳಿದ ಗಂಡಸರು ಅವರು. ಮೈಮೇಲಿನ ಗುರುತನ್ನು ಅಳಿಸುವಂತಿಲ್ಲ. ಸೆರೆಯಲ್ಲಿಯೇ ಹುಟ್ಟಿ, ಇಗರ್ಜಿಯ ಗಂಟೆಯನ್ನೇ ಕೇಳದ ಮಕ್ಕಳಿದ್ದರು. ಗಂಡ ಎಲ್ಲೋ, ಮಕ್ಕಳು ಎಲ್ಲೋ ಎನ್ನುವಂತಾದ ಹೆಂಗಸರಿದ್ದರು. ನಾವು ಧರ್ಮ ಬಿಟ್ಟದ್ದು ಹೊರಗಿನ ಮಾತಿಗೆ ಮಾತ್ರ, ಹೃದಯದಲ್ಲಿ ಕ್ರಿಸ್ತರನ್ನು ಎಂದೂ ಬಿಡಲಿಲ್ಲ ಎಂಬುದು ಎಲ್ಲರ ಬಾಯಲ್ಲೂ ಒಂದೇ ಅರಿಕೆ.

ದ್ಯುಬುವಾ ಅವರ ಲೆಕ್ಕದ ಪ್ರಕಾರ ಹೀಗೆ ಅವರ ಬಳಿಗೇ ಬಂದವರು ಸುಮಾರು ಎರಡು ಸಾವಿರ. ಇನ್ನೂ ಇಪ್ಪತ್ತು ಸಾವಿರದಷ್ಟು ಜನ ಮಂಗಳೂರು ಸೀಮೆಗೆ ಮರಳಿ, ಬಿದ್ದ ಇಗರ್ಜಿಗಳನ್ನು ಮತ್ತೆ ಎಬ್ಬಿಸಿದರು. ಬಂದವರ ಮಾತು ನಿಜವೋ ನೆಪವೋ ಎಂದು ತೂಗಿ ನೋಡುವ ತಕ್ಕಡಿ ಗುರುಗಳ ಕೈಯಲ್ಲಿರಲಿಲ್ಲ. ಹದಿನೈದು ವರ್ಷಗಳ ಕತ್ತಲೆಯ ಜಪಕ್ಕೆ ಸಾಕ್ಷಿ ಹೇಳುವವರು ಯಾರಿದ್ದರು? ಆದರೂ ಹಿಂದಿರುಗಿ ಬಂದವರಿಗೆ ಧರ್ಮಸಭೆಯ ಬಾಗಿಲು ಮುಚ್ಚಲಿಲ್ಲ. ಅವರು ಮತ್ತೆ ಒಳಗೆ ಸೇರಿದರು, ಮತ್ತೆ ಪರಮಪ್ರಸಾದ ಸ್ವೀಕರಿಸಿದರು, ಮತ್ತೆ ಊರಾದರು.

ಇದು ಧರ್ಮಸಭೆಗೆ ಹೊಸ ಪ್ರಶ್ನೆಯಾಗಿರಲಿಲ್ಲ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ದೇಸಿಯುಸನ ಕಾಲದಲ್ಲಿ ಹೆದರಿ ವಿಗ್ರಹಗಳಿಗೆ ಧೂಪ ಹಾಕಿದ ಕ್ರೈಸ್ತರು ಸಾವಿರಾರು. ಕಿರುಕುಳ ನಿಂತಮೇಲೆ ಅವರೆಲ್ಲ ಅಳುತ್ತಾ ಬಂದರು. ಅವರನ್ನು ಎಂದಿಗೂ ಸೇರಿಸಬಾರದೆಂದು ಹಟ ಹಿಡಿದವರಿದ್ದರು. ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರು ಪ್ರಾಯಶ್ಚಿತ್ತದ ದಾರಿ ತೋರಿಸಿ ಅವರನ್ನು ಸೇರಿಸಿಕೊಂಡರು. ಆ ಕಿರುಕುಳದ ಹೊತ್ತಿನಲ್ಲಿ ತಾವೂ ಊರು ಬಿಟ್ಟು ಅಡಗಿದ್ದ ಸಿಪ್ರಿಯಾನರು 258ರಲ್ಲಿ ರಕ್ತಸಾಕ್ಷಿಯಾದರು. ಹಾಗೆ ನೋಡಿದರೆ ಸಂತ ಪೇತ್ರರ ಕಥೆಯೂ ಇದೇ ತಾನೆ? ಬೆಂಕಿ ಕಾಯಿಸುತ್ತಾ ಮೂರು ಸಲ ಪ್ರಭುವನ್ನು ಅರಿಯೆನೆಂದವರ ಕೈಗೇ ಪ್ರಭು ಕುರಿಮಂದೆಯನ್ನು ಒಪ್ಪಿಸಿದರು.

ಲೇಖನಿಯ ತೀರ್ಪು, ಕೈಯ ಕೆಲಸ

ಆದರೆ ದ್ಯುಬುವಾ ಅವರನ್ನು ಬರೀ ಮೃದು ಹೃದಯದವರೆಂದು ಚಿತ್ರಿಸಿದರೆ ಸತ್ಯಕ್ಕೆ ಅಪಚಾರವಾದೀತು. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ತಮ್ಮ ಪತ್ರಗಳಲ್ಲಿ ಅವರು ಈ ಜನರ ಬಗ್ಗೆ ಕಠಿಣವಾಗಿ ಬರೆದಿದ್ದಾರೆ. ಅಷ್ಟು ಸಾವಿರ ಜನರಲ್ಲಿ ಎದ್ದುನಿಂತು ವಿಶ್ವಾಸ ಸಾರಿ ರಕ್ತಸಾಕ್ಷಿಯಾಗುವ ಎದೆಗಾರಿಕೆ ಒಬ್ಬರಿಗೂ ಇರಲಿಲ್ಲ ಎಂಬುದು ಅವರ ದೂರು. ಇನ್ನೊಮ್ಮೆ ಅಂಥದೇ ಕಾಲ ಬಂದರೆ ಮತ್ತೆ ಅದೇ ಆದೀತೆಂಬ ಅಂಜಿಕೆಯನ್ನೂ ಅವರು ಬರೆದರು. ಈ ಮಾತನ್ನು ಓದಿದರೆ ಸೆರೆಯಾದವರ ವಂಶದವರಿಗೆ ನೋವಾಗುವುದು ಸಹಜ.

ಇದು ನ್ಯಾಯದ ತೀರ್ಪೇ? ಮಕ್ಕಳನ್ನು ಕಂಕುಳಲ್ಲಿ ಹೊತ್ತು ಘಟ್ಟ ಹತ್ತಿದ ತಾಯಿಗೆ ಯಾರೂ ಆಯ್ಕೆ ಕೊಟ್ಟಿರಲಿಲ್ಲ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರ ಕೊನೆಯ ಉಸಿರಿನ ಪ್ರಾರ್ಥನೆಯನ್ನು ಕೇಳಿ ಬರೆದಿಟ್ಟವರೂ ಇಲ್ಲ. ತೀರ್ಪು ಬರೆದ ಗುರುಗಳೂ ತಮ್ಮ ನಾಡಿನಲ್ಲಿ ಕತ್ತಿ ಮೇಲೆತ್ತಿದ ವರ್ಷವೇ ಹಡಗು ಹತ್ತಿ ಬಂದವರು. ಅದರಲ್ಲಿ ತಪ್ಪೇನಿಲ್ಲ, ಒಂದು ಊರಿನಲ್ಲಿ ಹಿಂಸಿಸಿದರೆ ಇನ್ನೊಂದಕ್ಕೆ ಹೋಗಲು ಪ್ರಭುವೇ ಶಿಷ್ಯರಿಗೆ ಹೇಳಿದ್ದಾರೆ. ಓಡಲು ಹಡಗಿಲ್ಲದವರ ಕಷ್ಟ ಮಾತ್ರ ಬೇರೆ.

ಆದರೂ ಒಂದು ಅಂಶವನ್ನು ಗಮನಿಸಬೇಕು. ಲೇಖನಿ ಹಿಡಿದಾಗ ಅಷ್ಟು ಕಟುವಾಗಿದ್ದ ದ್ಯುಬುವಾ, ಕೈಯಲ್ಲಿ ಕೆಲಸ ಹಿಡಿದಾಗ ಅದೇ ಜನರ ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿದರು. ಅಂಜುಬುರುಕರೆಂದು ಬಗೆದವರನ್ನು ಅವರು ಬಿಟ್ಟುಹೋಗಲಿಲ್ಲ. ನಮ್ಮ ಮನೆಗಳಲ್ಲಿಯೂ ಬೈದು ಗದರಿಸಿ, ಕೊನೆಗೆ ಮೊದಲ ತುತ್ತು ಬಡಿಸುವ ಹಿರಿಯರು ಇರುತ್ತಾರಲ್ಲವೇ?

ಹೊಲವೂ ದೇವರ ಕೆಲಸವೇ

ಹಿಂದಿರುಗಿದವರಿಗೆ ಜಪ ಹೇಳಿಕೊಟ್ಟರೆ ಸಾಕಾಗುತ್ತಿರಲಿಲ್ಲ. ಅವರಿಗೆ ನೆಲವಿಲ್ಲ, ಎತ್ತಿಲ್ಲ, ಮನೆಯಿಲ್ಲ. ಬಡಕ್ರೈಸ್ತರಿಗಾಗಿ ದ್ಯುಬುವಾ ಬೇಸಾಯದ ನೆಲೆಗಳನ್ನು ಕಟ್ಟಿದರು. ಹಾಸನದ ಬಳಿಯ ಸಾತಳ್ಳಿ ಅವುಗಳಲ್ಲಿ ಮುಖ್ಯವಾದದ್ದು. ದೊಡ್ಡ ಸ್ವಾಮಿಯವರ ಹೆಸರು ಅವರು ಹೊರಟುಹೋಗಿ ಎಷ್ಟೋ ಕಾಲವಾದರೂ ಅಲ್ಲಿನವರ ಬಾಯಲ್ಲಿ ಉಳಿದಿತ್ತು. ಬೆಂಗಳೂರಿನಲ್ಲಿ ಈಗ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾ ನಿಂತಿರುವ ಕಡೆ ಮೊದಲಿದ್ದ ಸಣ್ಣ ಗುಡಿಯ ಚರಿತ್ರೆಯಲ್ಲಿಯೂ ಅವರ ಹೆಸರಿದೆ.

ಆ ಕಾಲದಲ್ಲಿ ಸಿಡುಬು ಬಂದರೆ ಹಳ್ಳಿಗೆ ಹಳ್ಳಿಯೇ ಬರಿದಾಗುತ್ತಿತ್ತು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಕಂಡುಹಿಡಿದ ಗೋಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಮರುವರ್ಷವೇ ದ್ಯುಬುವಾ ಅದನ್ನು ಮೈಸೂರಿನ ಹಳ್ಳಿಗಳಿಗೆ ಕೊಂಡೊಯ್ಯುವ ಕೆಲಸಕ್ಕೆ ಇಳಿದರು. ಜನ ಹೆದರಿದರು, ವಿರೋಧಿಸಿದರು. ಆದರೂ 1803-04ರಲ್ಲಿ ಲಸಿಕೆ ಹಾಕಿಸಿಕೊಂಡವರೆಂದು ದಾಖಲಾದವರ ಸಂಖ್ಯೆ 25,432. ಅದರಲ್ಲಿ ಉಳಿದ ಜೀವಗಳು ಯಾವ ಜಾತಿ, ಯಾವ ಮತ ಎಂದು ಯಾರು ಕೇಳಿದರು?

ಸುತ್ತಲಿನ ಜನರ ಬದುಕನ್ನು ಅವರು ಕಣ್ಣಿಟ್ಟು ನೋಡಿ ಬರೆದಿಟ್ಟರು. ಆ ಹಸ್ತಪ್ರತಿ ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅವರ ಕೈಗೆ ಸೇರಿತು. ಮದ್ರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಅವರ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಅದನ್ನು ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ, 1825ರಲ್ಲಿ ಫ್ರೆಂಚಿನಲ್ಲಿ ಅದು ಪ್ರಕಟವಾಯಿತು. ಆ ಗ್ರಂಥದ ಬಹುಭಾಗ ಅವರಿಗಿಂತ ಮೊದಲು ದಕ್ಷಿಣದಲ್ಲಿ ದುಡಿದ ಯೇಸುಸಭೆಯ ಗುರು ಕೂರ್ದು ಅವರ ಬರಹದಿಂದ ಬಂದದ್ದೆಂದು 1987ರಲ್ಲಿ ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ ತೋರಿಸಿಕೊಟ್ಟರು. ಆ ಕೀರ್ತಿಯಲ್ಲಿ ಒಂದು ಪಾಲು ಮರೆಯಾಗಿದ್ದ ಆ ಹಿರಿಯ ಗುರುಗಳಿಗೂ ಸಲ್ಲಬೇಕು. ಸಾತಳ್ಳಿಯ ಹೊಲಗಳು, ಲಸಿಕೆಯ ಗುರುತು ಹೊತ್ತ ತೋಳುಗಳು ಮಾತ್ರ ದ್ಯುಬುವಾ ಅವರದೇ.

ಸೋಲೆಂದು ತಿಳಿದು ಹೊರಟವರು

ತಮ್ಮ ಬಾಳಿನ ಫಲದ ಬಗ್ಗೆ ದ್ಯುಬುವಾ ಅವರಿಗೆ ತೃಪ್ತಿಯಿರಲಿಲ್ಲ. ಇಪ್ಪತ್ತೈದು ವರ್ಷ ದುಡಿದರೂ ಹೊಸದಾಗಿ ಕ್ರೈಸ್ತರಾದವರು ಇನ್ನೂರು ಮುನ್ನೂರಕ್ಕೆ ಮೀರಲಿಲ್ಲವೆಂದು ಅವರೇ ಬರೆದುಕೊಂಡರು. ಈ ನಾಡಿನಲ್ಲಿ ಕ್ರೈಸ್ತಧರ್ಮಕ್ಕೆ ಭವಿಷ್ಯವಿಲ್ಲವೆಂಬ ನಿರಾಸೆಯ ಮಾತನ್ನೂ ಬರೆದರು. 1823ರ ಜನವರಿಯಲ್ಲಿ, ಮೂವತ್ತು ವರ್ಷಗಳ ಬಳಿಕ, ಅವರು ಭಾರತ ಬಿಟ್ಟರು. ಕಂಪನಿ ಸರ್ಕಾರ ಹಡಗಿನ ವೆಚ್ಚ ಕೊಟ್ಟು ನಿವೃತ್ತಿ ವೇತನವನ್ನೂ ಗೊತ್ತುಮಾಡಿತು. ಪ್ಯಾರಿಸಿನಲ್ಲಿ ತಮ್ಮ ಸಂಸ್ಥೆಯ ಗುರುಮಠದಲ್ಲಿ ನಿರ್ದೇಶಕರಾಗಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿ, ಪೂರ್ವದೇಶಗಳಿಗೆ ಹೊರಡುವ ಯುವಕರನ್ನು ತಯಾರು ಮಾಡಿದರು. ನಮ್ಮ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. 1848ರ ಫೆಬ್ರವರಿ 17ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ಅಲ್ಲಿಯೇ ಪ್ರಭುವಿನಲ್ಲಿ ನಿದ್ರಿಸಿದರು. ಮೈಸೂರನ್ನು ಅವರು ಮತ್ತೆ ನೋಡಲಿಲ್ಲ.

ಅವರು ಕಣ್ಮುಚ್ಚಿ ಹದಿನೇಳು ವರ್ಷಗಳಾದ ಮೇಲೆ ಅದೇ ಸಂಸ್ಥೆಯ ಇನ್ನೊಬ್ಬ ಗುರುವಿಗೆ ಒಂದು ಅಚ್ಚರಿ ಕಾದಿತ್ತು. 1865ರ ಮಾರ್ಚ್ 17ರಂದು ಜಪಾನಿನ ನಾಗಸಾಕಿಯ ಹೊಸ ದೇವಾಲಯದಲ್ಲಿ ಬೆರ್ನಾರ್ ಪೆತಿಝಾನ್ ಎಂಬ ಗುರುಗಳ ಬಳಿಗೆ ಉರಕಾಮಿ ಎಂಬ ಹಳ್ಳಿಯ ಬಡ ರೈತರು ಬಂದರು. ತಮ್ಮ ಹೃದಯವೂ ಗುರುಗಳ ಹೃದಯವೂ ಒಂದೇ ಎಂದು ಪಿಸುಗುಟ್ಟಿ, ಮಾತೆ ಮರಿಯಳ ಪ್ರತಿಮೆ ಎಲ್ಲಿದೆಯೆಂದು ಕೇಳಿದರು. 1614ರಿಂದ ಜಪಾನಿನಲ್ಲಿ ಕ್ರೈಸ್ತಧರ್ಮ ನಿಷಿದ್ಧ. ಅಧಿಕಾರಿಗಳು ಪವಿತ್ರ ಚಿತ್ರವನ್ನು ನೆಲಕ್ಕಿಟ್ಟು ತುಳಿಯುವಂತೆ ಒತ್ತಾಯಿಸುತ್ತಿದ್ದರು. ಎಷ್ಟೋ ಮಂದಿ ತುಳಿದು, ಮನೆಗೆ ಹೋಗಿ ಕಣ್ಣೀರಿಟ್ಟು ಕ್ಷಮೆ ಬೇಡಿದರು. ಗುರುಗಳಿಲ್ಲದೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ತಂದೆ ಮಗನಿಗೆ ಜ್ಞಾನಸ್ನಾನ ಮತ್ತು ಜಪಗಳನ್ನು ದಾಟಿಸಿಕೊಂಡು ಬಂದಿದ್ದರು. ತುಳಿದವರ ಮೊಮ್ಮಕ್ಕಳೇ ಆ ದಿನ ಬಾಗಿಲಿಗೆ ಬಂದವರು. ದ್ಯುಬುವಾ ಅವರು ಬದುಕಿದ್ದರೆ ಆ ಸುದ್ದಿ ಕೇಳಿ ಶ್ರೀರಂಗಪಟ್ಟಣದ ತಮ್ಮ ಎರಡು ಸಾವಿರ ಜನರನ್ನು ನೆನೆಯುತ್ತಿರಲಿಲ್ಲವೇ?

ಈ ಕಡೆ ಅವರ ನಿರಾಸೆಯೂ ಸುಳ್ಳಾಯಿತು. ಅಂಜಿದವರೆಂದು ಅವರು ಬರೆದ ಜನರ ಮಕ್ಕಳೇ ಕರಾವಳಿಯಲ್ಲಿ ಇಗರ್ಜಿಗಳನ್ನು, ಶಾಲೆಗಳನ್ನು, ಆಸ್ಪತ್ರೆಗಳನ್ನು ಕಟ್ಟಿ ನಿಲ್ಲಿಸಿದರು. ಅವರ ಕುಟುಂಬಗಳಿಂದ ಬಂದ ಗುರುಗಳು, ಧರ್ಮಭಗಿನಿಯರು ನಾಡಿನ ಮೂಲೆಮೂಲೆಯಲ್ಲಿ ಸೇವೆ ಮಾಡಿದರು. ಆ ದಿನ ಬಾಗಿಲು ಮುಚ್ಚಿದ್ದರೆ ಇದೆಲ್ಲ ಎಲ್ಲಿರುತ್ತಿತ್ತು?

ನಮ್ಮ ಮನೆಗಳಿಗೆ

ಪ್ರಿಯ ಓದುಗರೇ, ರಕ್ತಸಾಕ್ಷಿಗಳನ್ನು ನಾವು ಪೀಠದ ಮೇಲಿಟ್ಟು ಗೌರವಿಸುತ್ತೇವೆ, ಅದು ಯೋಗ್ಯವೇ. ಆದರೆ ನಮ್ಮಲ್ಲಿ ಹೆಚ್ಚಿನವರು ರಕ್ತಸಾಕ್ಷಿಗಳ ಸಂತಾನವಲ್ಲ. ಹೆದರಿ ತಲೆಬಾಗಿ, ಒಳಗೊಳಗೇ ಅತ್ತು, ಕಿಡಿ ಕಾಪಾಡಿ, ಕೊನೆಗೆ ಹಿಂತಿರುಗಿ ಬಂದವರ ಸಂತಾನ. ಆ ಅಜ್ಜ ಅಜ್ಜಿಯರ ಬಗ್ಗೆ ನಾಚಿಕೆ ಪಡಬೇಕಾಗಿಲ್ಲ. ಗುರುಗಳಿಲ್ಲದ ಹೊತ್ತಿನಲ್ಲಿ ಅವರನ್ನು ಕಾಪಾಡಿದ್ದು ಮನೆಯಲ್ಲಿ ಕಲಿತ ನಾಲ್ಕು ಜಪಗಳು. ಸಂಜೆಯ ಹೊತ್ತು ಮಕ್ಕಳನ್ನು ಕೂರಿಸಿಕೊಂಡು ಜಪಸರ ಹೇಳುವ ಪದ್ಧತಿ ನಮ್ಮ ಮನೆಯಲ್ಲಿ ಉಳಿದಿದೆಯೇ ಎಂದು ನಾವು ಕೇಳಿಕೊಳ್ಳಬೇಕಾದದ್ದು ಆ ಕಾರಣಕ್ಕೆ.

ಇಂದು ನಮ್ಮನ್ನು ಯಾರೂ ಘಟ್ಟ ಹತ್ತಿಸುತ್ತಿಲ್ಲ. ಆದರೂ ಮನೆ ಬಿಟ್ಟು ದೂರವಾದ ಮಕ್ಕಳು ಎಷ್ಟೋ ಕುಟುಂಬಗಳಲ್ಲಿದ್ದಾರೆ. ಕೆಲಸದ ಒತ್ತಡ, ಮದುವೆಯ ಜಗಳ, ಯಾರದೋ ಚುಚ್ಚುಮಾತು, ಕಾರಣ ಯಾವುದೇ ಇರಲಿ, ಅವರು ದೇವಾಲಯದ ಮೆಟ್ಟಿಲು ಹತ್ತುವುದನ್ನು ನಿಲ್ಲಿಸಿದ್ದಾರೆ. ಒಂದು ದಿನ ಅವರು ಹಿಂಜರಿಯುತ್ತಾ ಹೊಸ್ತಿಲಿಗೆ ಬಂದರೆ ಇಷ್ಟು ದಿನ ಎಲ್ಲಿದ್ದೆ ಎಂದು ಮೊದಲು ಕೇಳುವ ಆಸೆ ನಮಗಾಗುತ್ತದೆ. ಆ ಪ್ರಶ್ನೆ ಊಟ ಬಡಿಸಿದ ಮೇಲೆ ಬರಲಿ. ದೊಡ್ಡ ಸ್ವಾಮಿಯವರ ಕಟುವಾದ ಮಾತು ಪುಸ್ತಕದಲ್ಲಿ ಉಳಿಯಿತು. ಅವರು ಮುಚ್ಚದೆ ಬಿಟ್ಟ ಬಾಗಿಲಿನಿಂದ ಒಂದು ಜನಾಂಗ ಮನೆ ಸೇರಿತು.